ದಂಡಿನ ಹಳೆಯ ಲಾರಿಯನ್ನು ಕೊಳ್ಳಬೇಕೇ?

ಹೊಲ ಕೊಳ್ಳಬೇಕೇ, ಮನೆ ಕಟ್ಟಿಸಬೇಕೇ, ಮಗನನ್ನು ಧಾರವಾಡದಲ್ಲಿ ಓದಿಸಬೇಕೇ ಎಂಬ ಪ್ರಶ್ನೆಗಳು ಈ ಪುಟಕ್ಕೆ ತಿಂಗಳು ತಿಂಗಳೂ ಬರುತ್ತಿರುವವು. ನಮಗೆ ತೋರಿದ ಉತ್ತರವನ್ನು ಕೊಡುತ್ತಲೂ ಬಂದಿರುವೆವು. ಈ ಸಲ ಬ್ಯಾಡಗಿಯಿಂದ ಬಂದ ಪತ್ರವು ಬೇರೊಂದು ಬಗೆಯದು. ಪತ್ರ ಬರೆದ ಮಹಾಶಯರು ಮೆಣಸಿನಕಾಯಿಯ ದಲಾಲಿ ಅಂಗಡಿಯನ್ನು ನಡೆಸುವವರು. ಅವರ ತಮ್ಮನವರು ರಾಣೆಬೆನ್ನೂರಿನಲ್ಲಿ ಮೋಟಾರು ದುರಸ್ತಿಯ ಗ್ಯಾರೇಜು ಇಟ್ಟಿರುವರು. ತಂಗಿಯವರು ಹಾವೇರಿಯಲ್ಲಿ ಶಿಕ್ಷಕಿಯರು. ಇವರ ತಂದೆಯವರು ಕಾಲವಾಗಿ ಕೆಲವು ವರ್ಷಗಳು ಸಂದಿವೆ. ಅವರು ತಮ್ಮ ಪ್ರಾಯದಲ್ಲಿ ಶಿರಸಿಯ ಕಡೆಯ ಕಾಡಿನಿಂದ ಹಾನಗಲ್ಲಿನ ಮೇಲೆ ಹಾವೇರಿಗೆ ನಾಟಾ ತರುವ ಲಾರಿಯನ್ನು ನಡೆಸುತ್ತಿದ್ದರಂತೆ. ಆ ಲಾರಿಯು ಎರಡನೆಯ ಮಹಾಯುದ್ಧದ ಕಾಲದ ದಂಡಿನ ಲಾರಿ. ಈಗ ಶಿರಸಿಯ ದಾರಿಯಲ್ಲಿರುವ ಒಂದು ಕಟ್ಟಿಗೆ ಅಡ್ಡೆಯ ಹಿತ್ತಲಲ್ಲಿ ಅಂಥದೇ ಲಾರಿಯೊಂದು ಬಳ್ಳಿ ಹಬ್ಬಿಸಿಕೊಂಡು ನಿಂತಿರುವದೆಂದೂ, ಅಡ್ಡೆಯವರು ಅದನ್ನು ಗುಜರಿಗೆ ಹಾಕುವ ಮುನ್ನ ಹಳೆಯ ಪರಿಚಯದ ಮೇಲೆ ಇವರನ್ನು ಕೇಳಿರುವರೆಂದೂ ಪತ್ರದಲ್ಲಿದೆ. ಕೊಳ್ಳಬೇಕೇ, ಬಿಡಬೇಕೇ ಎಂಬದು ಪ್ರಶ್ನೆ.

ಮನೆಯಲ್ಲಿ ಒಮ್ಮತವಿಲ್ಲ. ತಂದೆಯವರ ನೆನಪಿಗಾಗಿ ಕೊಳ್ಳಲೇಬೇಕೆಂದು ಅಣ್ಣನವರ ಹಟ. ಕೊಂಡ ಮೇಲೆ ಅದನ್ನು ಕಾರಖಾನೆಯಿಂದ ಹೊರಬಿದ್ದ ದಿನದಂತೆ ಮಾಡಿ ತೋರಿಸುವೆನೆಂದೂ, ಮದುವೆಯ ಮೆರವಣಿಗೆಗೆ, ಸಿನೇಮಾದವರಿಗೆ ಬಾಡಿಗೆ ಕೊಟ್ಟು ಹಾಕಿದ ಹಣವನ್ನು ತೆಗೆಯಬಹುದೆಂದೂ ತಮ್ಮನವರ ಉತ್ಸಾಹ. ತಂಗಿಯವರದು ಒಂದೇ ಮಾತು: "ಲಾರಿ ತರೂದು ಖರೆ, ನಿಲ್ಲಸೂದು ಎಲ್ಲಿ, ರೊಕ್ಕಾ ಯಾರದು?" ಮನೆಯ ಹಿರಿಯ ತಾಯಿಯವರು ಎಲ್ಲರ ಮಾತನ್ನೂ ಕೇಳಿ, "ಅದು ನಿಮ್ಮಪ್ಪ ಹೊಡೀತಿದ್ದ ಗಾಡೀನೇ ಹೌದೇನು, ಅದನ್ನ ಮೊದಲ ನೋಡ್ರಿ" ಎಂದರಂತೆ. ಪುರುಷರಿಬ್ಬರೂ ಉತ್ತರಗಳನ್ನು ಸಿದ್ಧಮಾಡಿಕೊಂಡಿರುವಾಗ ಪ್ರಶ್ನೆಗಳನ್ನು ಕೇಳಿದವರು ಸ್ತ್ರೀಯರಿಬ್ಬರು. ನಾವು ಮುಂದೆ ಹೇಳತಕ್ಕದ್ದೆಲ್ಲವೂ ಈ ಎರಡು ಪ್ರಶ್ನೆಗಳ ಸುತ್ತಲೇ ಇರುವದು.

ಮೊದಲು ಈ ಲಾರಿ ಎಂಥದೆಂಬದನ್ನು ತಿಳಿಯುವದು ಅವಶ್ಯ. ಪತ್ರದೊಡನೆ ಬಂದ ಛಾಯಾಚಿತ್ರದಲ್ಲಿ ಮೂಗು ಮೊಂಡಾಗಿ ಒಳಸೇರಿದೆ. ಎದುರಿನ ಗಾಜುಗಳು ಮೇಲ್ತುದಿಯಲ್ಲಿ ಮುಂದಕ್ಕೆ ಬಾಗಿ, ಹುಬ್ಬುಗಂಟಿಕ್ಕಿದ ಮುಖದಂತೆ ಕಾಣುವವು. ಈ ಲಕ್ಷಣಗಳಿಂದ ಅದು ಕೆನಡಾ ದೇಶದಲ್ಲಿ ದಂಡಿನ ಮಾದರಿಗೆಂದು ನಿರ್ಮಿಸಿದ ಲಾರಿಯೆಂದೂ, ೧೯೪೨ರ ಅನಂತರದ್ದೆಂದೂ ಧಾರಾಳವಾಗಿ ಹೇಳಬಹುದು. ಬ್ರಿಟನ್ನು ತನ್ನ ಮೋಟಾರುಗಳಲ್ಲಿ ಬಹುಭಾಗವನ್ನು ೧೯೪೦ರಲ್ಲಿ ಫ್ರಾನ್ಸಿನ ಡಂಕರ್ಕಿನ ತೀರದಲ್ಲಿ ಬಿಟ್ಟುಬಂದ ತರುವಾಯ, ಸಾಮ್ರಾಜ್ಯದ ಸೈನ್ಯಗಳಿಗೆ ವಾಹನ ಒದಗಿಸುವ ಭಾರವು ಬಲುಮಟ್ಟಿಗೆ ಕೆನಡಾದ ಮೇಲೆ ಬಿದ್ದಿತು. ಅಲ್ಲಿಯ ವಿಂಡ್ಸರಿನ ಫೋರ್ಡ್ ಕಾರಖಾನೆಯೂ ಓಶಾವಾದ ಜನರಲ್ ಮೋಟಾರ್ಸ್ ಕಾರಖಾನೆಯೂ ಪೈಪೋಟಿಯನ್ನು ಬದಿಗಿಟ್ಟು ಒಂದೇ ನಕ್ಷೆಗೆ ಹೊಂದುವಂತೆ ೪ ಲಕ್ಷಕ್ಕೂ ಹೆಚ್ಚು ಲಾರಿಗಳನ್ನು ಕಟ್ಟಿದವು. ಹಡಗಿನಲ್ಲಿ ಜಾಗ ಉಳಿಯಲೆಂದೇ ಮೂಗನ್ನು ಮೊಂಡು ಮಾಡಿದ್ದು. ಗಾಜನ್ನು ಹಾಗೆ ಬಾಗಿಸಿದ್ದು ಬಿಸಿಲಿನ ಹೊಳಪು ವಿಮಾನದವರ ಕಣ್ಣಿಗೆ ಬೀಳಬಾರದೆಂದು. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಈ ಎರಡು ಕಂಪನಿಗಳ ಲಾರಿಗಳನ್ನು ಗುರುತಿಸಬೇಕಾದರೆ ಎಂಜಿನ್ನನ್ನು ನೋಡಬೇಕು. ಫೋರ್ಡಿನದರಲ್ಲಿ ಎಂಟು ಸಿಲಿಂಡರುಗಳು ಇಬ್ಬದಿಗೆ ವಾಲಿ ನಿಂತಿರುವವು. ಶೆವ್ರೊಲೆಯದರಲ್ಲಿ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ. ಎರಡೂ ಪೆಟ್ರೋಲಿನವು, ಎರಡೂ ನೂರು ಅಶ್ವಶಕ್ತಿಯ ಒಳಗಿನವು.

ಯುದ್ಧವು ೧೯೪೫ರಲ್ಲಿ ಮುಗಿಯಿತು. ಆಗ ಹಿಂದುಸ್ತಾನದ ಡಿಪೋಗಳಲ್ಲಿ ಸಾಲುಸಾಲಾಗಿ ನಿಂತಿದ್ದ ಜೀಪು, ಡಾಜ್, ಜಿ.ಎಂ.ಸಿ., ಶೆವ್ರೊಲೆ, ಫೋರ್ಡುಗಳು ವಿಲೇವಾರಿಗೆ ಬಂದವು. ದೇಶದಲ್ಲಿ ಹೊಸ ಲಾರಿಗಳು ದುರ್ಲಭವಾಗಿದ್ದ ಕಾಲವದು. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಮುಟ್ಟುವ ಈ ದಂಡಿನ ಲಾರಿಗಳನ್ನು ಬಿಟ್ಟರೆ ಮಲೆನಾಡಿನ ಕೆಸರಿನಿಂದ ತೇಗದ, ಮತ್ತಿಯ ದಿಮ್ಮಿಯನ್ನು ಎಳೆದು ತರುವ ವಾಹನ ಬೇರೆ ಇರಲಿಲ್ಲ. ಆನೆ ಹೋದಲ್ಲಿಗೆ ಹೋಗುವ ಗಾಡಿಯೆಂದು ಕಂತ್ರಾಟದಾರರು ಅವನ್ನು ಕೊಂಡರು. ದಾಂಡೇಲಿ, ಯಲ್ಲಾಪುರ, ಶಿರಸಿಗಳಿಂದ ಹಿಡಿದು ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ವರೆಗೆ, ಅಲ್ಲಿಂದ ಮುಂದೆ ಕೇರಳದ ತೋಟಗಳ ವರೆಗೆ ಅವು ಹರಡಿದವು. ಯುದ್ಧಕ್ಕೆಂದು ನಾಲ್ಕಾರು ವರ್ಷ ಬಾಳಲೆಂದು ಕಟ್ಟಿದ ಗಾಡಿಗಳು ನಾಲ್ವತ್ತು, ಐವತ್ತು ವರ್ಷ ದುಡಿದವು. ೧೯೯೬ರ ಡಿಸೆಂಬರದಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಡು ಕಡಿಯುವದನ್ನೂ ಪರವಾನಿಗೆಯಿಲ್ಲದ ಕಟ್ಟಿಗೆ ಅಡ್ಡೆಗಳನ್ನೂ ಬಿಗಿಯಾಗಿ ಕಟ್ಟಿಹಾಕಿದ ಮೇಲೆ ಅನೇಕ ಲಾರಿಗಳಿಗೆ ಕೆಲಸವೇ ಇಲ್ಲದಾಯಿತು. ಕಾಡಿಗೆ ಅದು ಒಳ್ಳೆಯದೇ ಆಯಿತೆಂದು ನಾವು ನಂಬಿರುವೆವು. ಲಾರಿಗಳು ಮಾತ್ರ ನಿಂತಲ್ಲಿಯೇ ನಿಂತು ತುಕ್ಕು ಹಿಡಿದವು. ಪತ್ರದಲ್ಲಿರುವದು ಬಹುಶಃ ಅಂಥವುಗಳಲ್ಲಿ ಒಂದು.

ಇನ್ನು ತಮ್ಮನವರ ಉತ್ಸಾಹದ ವಿಚಾರ. ಮೂಲದ ಪೆಟ್ರೋಲ್ ಎಂಜಿನ್ನು ಇಲ್ಲವೆಂದೂ, ಅದರ ಜಾಗದಲ್ಲಿ ಯಾವುದೋ ಡೀಸೆಲ್ ಎಂಜಿನ್ನು ಇರುವದೆಂದೂ ಅವರೇ ಬರೆದಿರುವರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲೀಟರಿಗೆ ಎರಡು ಮೂರು ಕಿಲೋಮೀಟರು ಮಾತ್ರ ಓಡುವ ಪೆಟ್ರೋಲ್ ಎಂಜಿನ್ನನ್ನು ಇಟ್ಟುಕೊಂಡು ನಾಟಾ ಸಾಗಿಸಿ ಹೊಟ್ಟೆ ಹೊರೆಯುವದು ಯಾವ ಕಂತ್ರಾಟದಾರನಿಗೂ ಸಾಧ್ಯವಿರಲಿಲ್ಲ. ಆದ್ದರಿಂದ ಮಲೆನಾಡಿನ ಮಿಸ್ತ್ರಿಗಳು ಪರ್ಕಿನ್ಸ್, ಲೇಲ್ಯಾಂಡ್, ಟಾಟಾ-ಮರ್ಸಿಡಿಸ್ ಹೀಗೆ ಕೈಗೆ ಸಿಕ್ಕಿದ ಡೀಸೆಲ್ ಎಂಜಿನ್ನುಗಳನ್ನು ತಂದು, ಕೆನಡಾದ ಗೇರುಪೆಟ್ಟಿಗೆಗೆ ಜೋಡಿಸಿ, ಬೆನ್ನಿಗೆ ದಿಮ್ಮಿ ಎತ್ತುವ ಉಕ್ಕಿನ ಹಗ್ಗದ ಗಡಗಡಿಯನ್ನು ಕೂಡಿಸಿ, ಹೊಸದೊಂದು ಪ್ರಾಣಿಯನ್ನೇ ಸೃಷ್ಟಿಸಿದರು. ಪುಸ್ತಕ ಓದದೆ, ನಕ್ಷೆ ನೋಡದೆ ಲೇಥ್ ಯಂತ್ರದ ಮುಂದೆ ನಿಂತು ಮಾಡಿದ ಆ ವಿದ್ಯೆಯನ್ನು ನಮ್ಮಲ್ಲಿ ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ಅದು ಬೇರೆ ವಿಷಯ.

ಸಂಗತಿಯೇನೆಂದರೆ, ಕಾನೂನು ಕೇಳುವ 'ಹಳೆಯ ಗಾಡಿ'ಯು ಇದಲ್ಲ. ಕೇಂದ್ರ ಸರಕಾರವು ೨೦೨೧ರ ಜುಲೈದಲ್ಲಿ ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗಾಗಿ ಬೇರೆ ಏರ್ಪಾಡು ಮಾಡಿತು. ಐವತ್ತು ವರ್ಷಗಳಿಗೆ ಮೀರಿದ, ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಂಡ ಎರಡು ಅಥವಾ ನಾಲ್ಕು ಗಾಲಿಯ ವಾಹನವು ಮೂಲರೂಪದಲ್ಲಿರಬೇಕು. ಚಾಸಿಸಿಗಾಗಲಿ ಮೈಗಾಗಲಿ ಎಂಜಿನ್ನಿಗಾಗಲಿ ದೊಡ್ಡ ಮಾರ್ಪಾಟು ಆಗಿರಕೂಡದು. ಅಂಥದಕ್ಕೆ ಹೊಸ ನೋಂದಣಿಯ ಶುಲ್ಕ ೨೦,೦೦೦ ರೂಪಾಯಿ. ಹತ್ತು ವರ್ಷಗಳ ಮೇಲೆ ಮರುನೋಂದಣಿಗೆ ೫,೦೦೦ ರೂಪಾಯಿ. ಹೊಸದಾಗಿ ಕೊಡುವ ಸಂಖ್ಯೆಯಲ್ಲಿ 'ವಿ.ಎ.' ಎಂಬ ಅಕ್ಷರಗಳಿರುವವು. ಇಷ್ಟಾದರೂ ಆ ವಾಹನವನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ; ಪ್ರದರ್ಶನ, ಹಳೆಯ ಗಾಡಿಗಳ ಮೇಳ, ಯಾಂತ್ರಿಕ ಸಂಶೋಧನೆ, ಎಣ್ಣೆ ತುಂಬಿಸುವದು, ದುರಸ್ತಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ವ್ಯಾಪಾರದ ಉದ್ದೇಶಕ್ಕೆ ಬಳಸುವದು ಸ್ಪಷ್ಟವಾಗಿ ನಿಷಿದ್ಧ. ಹೀಗಿರಲು ಮದುವೆಯ ಬಾಡಿಗೆಯಿಂದ ಖರ್ಚು ತೆಗೆಯುವ ಲೆಕ್ಕವನ್ನು ತಮ್ಮನವರು ಇಂದೇ ಬಿಟ್ಟುಬಿಡುವದು ಒಳಿತು.

ಹಾಗಾದರೆ ಡೀಸೆಲ್ ಎಂಜಿನ್ನನ್ನು ಕಿತ್ತು ಮೂಲದ ಶೆವ್ರೊಲೆ ಎಂಜಿನ್ನನ್ನೇ ಹುಡುಕಿ ಕೂಡಿಸಬಹುದಲ್ಲವೇ ಎಂದು ಕೇಳಬಹುದು. ಕೂಡಿಸಬಹುದು. ಅದಕ್ಕೆ ಬೇಕಾದದ್ದು ಹಣ ಮಾತ್ರವಲ್ಲ. ಆ ಎಂಜಿನ್ನಿನ ಬೇರಿಂಗುಗಳು ಈಗಿನವುಗಳಂತೆ ಅಂಗಡಿಯಲ್ಲಿ ಜೋಡಿಯಾಗಿ ಸಿಗುವ ಚಿಪ್ಪುಗಳಲ್ಲ. ಬಿಳಿಲೋಹವನ್ನು ಕಾಯಿಸಿ, ಎರಕ ಹೊಯ್ದು, ಕೈಯಿಂದ ಕೆರೆದು ಸರಿಮಾಡತಕ್ಕವು. ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ಹಿಂದೆ ಈ ಕಸಬು ಬಲ್ಲವರಿದ್ದರು. ಈಗ ಕೈ ಪಳಗಿದವರನ್ನು ಹುಡುಕಿಯೇ ಹಿಡಿಯಬೇಕು. ಟಾಯರುಗಳ ಅಳತೆಯೂ ಹಳೆಯದು. ಇಪ್ಪತ್ತು ಅಂಗುಲದ ಗಾಲಿಯಾಗಿದ್ದರೆ ಸಾಮಾನ್ಯ ಲಾರಿಯ ಟಾಯರು ಹೊಂದಿಕೊಂಡೀತು. ಹದಿನಾರು ಅಂಗುಲದ್ದಾದರೆ ಫಜೀತಿಯೇ ಸರಿ. ಈಗ ಪೆಟ್ರೋಲಿನಲ್ಲಿ ಶೇಕಡಾ ೨೦ರ ವರೆಗೆ ಎಥನಾಲ್ ಬೆರೆಸಿ ಮಾರುತ್ತಿರುವದರಿಂದ ಹಳೆಯ ರಬ್ಬರಿನ ಕೊಳವೆಗಳೂ ಪಂಪಿನ ಪೊರೆಯೂ ಮೆತ್ತಗಾಗಿ ಹಾಳಾಗುವವು, ಅವನ್ನೆಲ್ಲ ಬದಲಿಸಬೇಕು. ಇವೆಲ್ಲ ಎಂಜಿನ್ನಿನ ಮಾತು. ಮೇಲ್ಕಟ್ಟಿನ ತಗಡು, ಕಮಾನು ಪಟ್ಟಿಗಳು, ಬ್ರೇಕು, ಮುಂದಿನ ಅಚ್ಚಿನ ಸಂದುಗಳು ಬೇರೆ ಇವೆ. ಹಳೆಯ ಗಾಡಿಯಲ್ಲಿ ಕೊಂಡ ಬೆಲೆಯು ಚಿಕ್ಕದು, ಕೊಂಡ ಮೇಲಿನ ವೆಚ್ಚವು ದೊಡ್ಡದು. ಗ್ಯಾರೇಜಿನ ಒಡೆಯರಾದ ತಮ್ಮನವರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಪರರ ಗಾಡಿಯ ದುರಸ್ತಿಯನ್ನು ಲೆಕ್ಕ ಹಾಕುವಾಗ ಬರುವ ಎಚ್ಚರವು ತನ್ನ ಗಾಡಿಗೆ ಬರುವದಿಲ್ಲವಷ್ಟೇ.

ಖರ್ಚಾಗುವದೆಂಬ ಒಂದೇ ಕಾರಣಕ್ಕೆ ಬೇಡವೆನ್ನುವವರು ನಾವಲ್ಲ. ಹಾವೇರಿಯ ಸೀಮೆಯಲ್ಲಿ ಕೊಬ್ಬರಿ ಹೋರಿಯನ್ನು ಸಾಕುವ ಮನೆಗಳು ಎಷ್ಟಿಲ್ಲ! ಅದು ನೇಗಿಲು ಎಳೆಯುವದಿಲ್ಲ, ಗಾಡಿ ಹೂಡುವದಿಲ್ಲ. ಮನೆಯವರು ತಮ್ಮ ಊಟಕ್ಕಿಂತ ಹೆಚ್ಚಿನ ಆಸ್ಥೆಯಿಂದ ಅದಕ್ಕೆ ಹುರುಳಿ, ಹಿಂಡಿ ಇಡುವರು. ದೀಪಾವಳಿಯ ಹೊತ್ತಿಗೆ ಕೊರಳಿಗೆ ಕೊಬ್ಬರಿಯ ಸರ, ಕೋಡಿಗೆ ಬಲೂನು, ಜೂಲು ಕಟ್ಟಿ ಅಖಾಡಕ್ಕೆ ಬಿಡುವರು. ಅದು ಯಾರ ಕೈಗೂ ಸಿಕ್ಕದೆ ಓಡಿದರೆ ಊರೇ ಕುಣಿಯುವದು. ಅದರ ಲಾಭ ನಷ್ಟದ ಖಾತೆಯನ್ನು ಯಾರೂ ಬರೆದಿಡುವದಿಲ್ಲ. ಆದರೆ ಹೋರಿ ಸಾಕುವವರಿಗೆ ಅದು ಹಣ ತರುವದೆಂಬ ಭ್ರಮೆಯಿಲ್ಲ. ಹಣ ಹೋಗುವದೆಂದು ಅರಿತೇ ಸಾಕುವರು. ಅಷ್ಟೇ ಅರಿವಿನಿಂದ ಲಾರಿಯನ್ನೂ ಕೊಳ್ಳುವದಾದರೆ ನಮ್ಮ ಆಕ್ಷೇಪಣೆಯಿಲ್ಲ. ಇನ್ನೊಂದು ಮಾತು: ಹೋರಿ ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ, ಆಮೇಲೆ ಟವೆಲ್ಲಿನ ಕೆಳಗೆ ಕೈಹಿಡಿದು ಬೆಲೆ ಮಾತಾಡುವನು. ಲಾರಿಗೂ ಹಲ್ಲು ಸುಳಿಗಳಿವೆ.

ಅವು ಎಲ್ಲಿರುವವೆಂದರೆ ಚಾಸಿಸಿನ ಉಕ್ಕಿನ ತೊಲೆಯ ಮೇಲೆ. ಇಲ್ಲಿಯೇ ತಾಯಿಯವರ ಪ್ರಶ್ನೆಗೆ ಉತ್ತರ ದೊರೆಯತಕ್ಕದ್ದು. ಚಾಲಕನ ಮುಂದಿನ ತಗಡಿನ ಫಲಕದಲ್ಲಿ ಸಂಖ್ಯೆಯಿದ್ದರೆ ಅದನ್ನು ನಂಬಕೂಡದು. ನಾಲ್ಕು ಮೊಳೆಯ ಫಲಕವು ಒಂದು ಗಾಡಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವದು. ತೊಲೆಗೆ ಹೊಡೆದ ಅಂಕಿಗಳನ್ನು ಹುಡುಕಿ, ತಂತಿಯ ಬ್ರಶ್ಶಿನಿಂದ ತುಕ್ಕನ್ನು ಮೆಲ್ಲಗೆ ತೆಗೆದು, ಅದರ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲು ತಿಕ್ಕಿ ಅಚ್ಚು ತೆಗೆಯಬೇಕು. ಆರ್.ಟಿ.ಓ. ಕಚೇರಿಗಳಲ್ಲಿ ಚಾಸಿಸ್ ಪ್ರಿಂಟು ಎನ್ನುವದು ಇದಕ್ಕೇ. ತಂದೆಯವರ ಹಳೆಯ ಟ್ರಂಕಿನಲ್ಲಿ ಲಾರಿಯ ತೆರಿಗೆಯ ಪಾವತಿ, ವಿಮೆಯ ಕಾಗದ, ಯಾವುದಾದರೊಂದು ಉಳಿದಿದೆಯೇ ಎಂದು ನಾವು ಕೇಳಿ ಬರೆದೆವು. ಪೊಲೀಸರು ತೂಕ ಹೆಚ್ಚಾಯಿತೆಂದು ಹಾಕಿದ ದಂಡದ ರಸೀತಿಯೊಂದಿದೆ, ಅದರಲ್ಲಿ ನೋಂದಣಿಯ ಸಂಖ್ಯೆಯಿದೆ ಎಂದು ತಂಗಿಯವರು ಉತ್ತರ ಕಳಿಸಿರುವರು. ದಂಡ ಕಟ್ಟಿದ ರಸೀತಿಯನ್ನು ಜೋಪಾನ ಮಾಡಿದ ಆ ತಂದೆಯವರಿಗೆ ನಮ್ಮ ನಮಸ್ಕಾರಗಳು! ಆ ನೋಂದಣಿಯ ಸಂಖ್ಯೆಯೂ ಅಡ್ಡೆಯವರಲ್ಲಿರುವ ಆರ್.ಸಿ. ಪುಸ್ತಕದ ಸಂಖ್ಯೆಯೂ ಒಂದಾಗಿ, ಪುಸ್ತಕದಲ್ಲಿಯ ಚಾಸಿಸ್ ಸಂಖ್ಯೆಯು ಪೆನ್ಸಿಲಿನ ಅಚ್ಚಿಗೆ ಹೊಂದಿದರೆ ತಾಯಿಯವರಿಗೆ ಹೌದೆಂದು ಹೇಳಬಹುದು. ಮೂರರಲ್ಲಿ ಒಂದು ತಪ್ಪಿದರೂ ಅದು ಬೇರೆ ಯಾರೋ ತಂದೆಯ ಲಾರಿ.

ಕಾಗದಗಳ ವಿಷಯದಲ್ಲಿ ಗೃಹಸ್ಥರು ತೋರುವ ಉದಾಸೀನವು ನಮಗೆ ಎಂದೂ ಅರ್ಥವಾಗಿಲ್ಲ. ಅಡ್ಡೆಯ ಈಗಿನ ಯಜಮಾನರ ಹೆಸರಿನಲ್ಲಿಯೇ ಆರ್.ಸಿ. ಪುಸ್ತಕವಿದೆಯೋ, ತೀರಿಹೋದ ಅಜ್ಜನ ಹೆಸರಿನಲ್ಲಿದೆಯೋ ಕೇಳಬೇಕು. ಅಜ್ಜನ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರು ೩೧ನೆಯ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆ ಮೇಲೆ ೨೯, ೩೦ನೆಯ ನಮೂನೆಗಳಲ್ಲಿ ಮಾರಾಟದ ವರ್ಗಾವಣೆ. ಶಿರಸಿಯ ಕಚೇರಿಯ ದಾಖಲೆಯಿಂದ ಹಾವೇರಿಯ ಕೆ.ಎ. ೨೭ಕ್ಕಾಗಲಿ ರಾಣೆಬೆನ್ನೂರಿನ ಕೆ.ಎ. ೬೮ಕ್ಕಾಗಲಿ ತರುವ ಮಾತು ಅದರ ಮುಂದಿನದು. ಸಾಲದ ಬಾಧೆ, ತೆರಿಗೆಯ ಬಾಕಿಗಳನ್ನು ಬರೆಸಿಕೊಂಡು ನೋಡಬೇಕು. ಅಡ್ಡೆಯವರು "ಕಾಗದಾ ಎಲ್ಲಿಯೋ ಅವ, ಆಮೇಲೆ ಕೊಡತೇವಿ" ಎಂದರೆ ಹಣವನ್ನೂ ಆಮೇಲೆಯೇ ಕೊಡತಕ್ಕದ್ದು. ಕಾಗದವಿಲ್ಲದ ಲಾರಿಗೆ ಗುಜರಿಯವನು ತೂಕಕ್ಕೆ ಕೊಡುವ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವದು ಸಲ್ಲದು. ಬರಿಯ ಲಾರಿಯೇ ಮೂರು ಟನ್ನಿನ ಸುಮಾರಿನದಾದ್ದರಿಂದ ಆ ಬೆಲೆಯೂ ತೀರ ಅಲ್ಪವಾಗಿರದು.

ಈ ಸಂದರ್ಭದಲ್ಲಿ ಬೇರೆ ಕೆಲವರೂ ಸೈನ್ಯದ ಹರಾಜಿನ ಶಕ್ತಿಮಾನ್ ಲಾರಿ, ಜೊಂಗಾಗಳ ವಿಷಯ ಕೇಳಿರುವದುಂಟು. ಶಕ್ತಿಮಾನ್ ಎಂಬದು ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಿಗೆಯ ಮೇಲೆ ೧೯೫೯ರಿಂದ ಜಬಲಪುರದಲ್ಲಿ ತಯಾರಾದ ನಮ್ಮ ಸೈನ್ಯದ ಲಾರಿ. ಜೊಂಗಾ ಎಂಬದು ಜಪಾನದ ನಿಸ್ಸಾನಿನ ಮಾದರಿಯದು, ೧೯೬೯ರಿಂದ ೧೯೯೯ರ ವರೆಗೆ ಅಲ್ಲಿಯೇ ಆದದ್ದು. ಇವು ದೇಶದಲ್ಲಿಯೇ ಆದವಾದ್ದರಿಂದ ಬಿಡಿಭಾಗಗಳು ಸಿಗುವದು ಸುಲಭ. ಮೊದಲ ಸಲ ಕೈಹಾಕುವವರು ಯುದ್ಧಕಾಲದ ಕೆನಡಾ ಲಾರಿಗಿಂತ ಜೊಂಗಾವನ್ನು ಕೊಳ್ಳುವದು ವಿವೇಕ. ಆದರೆ ಐವತ್ತು ವರ್ಷ ತುಂಬಿದ್ದರ ಹೊರತು ವಿಂಟೇಜಿನ ಮಾತನ್ನು ಎತ್ತುವಂತಿಲ್ಲ. ಬ್ಯಾಡಗಿಯವರಿಗೆ ಈ ಸಲಹೆ ಉಪಯೋಗವಿಲ್ಲ. ಅವರ ತಂದೆಯವರು ಜೊಂಗಾ ನಡೆಸಿದವರಲ್ಲ.

ಈಗ ತಂಗಿಯವರ ಪ್ರಶ್ನೆ. ಮೂರು ಸ್ಥಳಗಳ ಹೆಸರು ಪತ್ರದಲ್ಲಿದೆ. ಒಂದನೆಯದು ಬ್ಯಾಡಗಿಯ ದಲಾಲಿ ಅಂಗಡಿಯ ಹಿಂದಿನ ಗೋದಾಮು. ಇದು ಸರ್ವಥಾ ಬೇಡ. ಒಣಗಿದ ಮೆಣಸಿನಕಾಯಿ, ಗೋಣಿಚೀಲ, ಹಳೆಯ ಎಣ್ಣೆಯ ಟಾಕಿ, ಬೆಸುಗೆಯ ಕಿಡಿ ಇವು ಒಂದೇ ಸೂರಿನ ಕೆಳಗೆ ಇರತಕ್ಕವಲ್ಲ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣದ ದೆಸೆಯಿಂದ ಊರೂರುಗಳಲ್ಲಿ ಹೆಸರಿದೆ, ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ರೈತರು ನಂಬಿ ತಂದು ಇಳಿಸಿದ ಆ ಮಾಲಿನ ನಡುವೆ ಇಂಥ ಅಪಾಯವನ್ನು ತಂದಿಡುವ ಅಧಿಕಾರ ದಲಾಲಿಗಿಲ್ಲ. ಎರಡನೆಯದು ರಾಣೆಬೆನ್ನೂರಿನ ಗ್ಯಾರೇಜಿನ ಅಂಗಳ. ಅದು ಬಾಡಿಗೆಯ ಜಾಗ. ವರ್ಷಗಟ್ಟಲೆ ನಿಲ್ಲುವ ಲಾರಿಯು ದಿನಕ್ಕೆ ನಾಲ್ಕು ಗಾಡಿಗಳ ದುಡಿಮೆಯನ್ನು ತಿನ್ನುವದು. ಮೂರನೆಯದು ಹಾವೇರಿಯಲ್ಲಿ ತಂಗಿಯವರು ಮನೆ ಕಟ್ಟಿಸಲೆಂದು ತಮ್ಮ ಸಂಬಳದಲ್ಲಿ ಉಳಿಸಿ ಕೊಂಡ ನಿವೇಶನ. "ಹ್ಯಾಂಗೂ ಖಾಲಿ ಐತಿ, ಎರಡ ವರ್ಷ ಅಲ್ಲೇ ನಿಲ್ಲಲಿ" ಎಂದು ಅಣ್ಣನವರು ಹೇಳಿದರಂತೆ. ತಂಗಿಯವರು ಎದುರು ಮಾತನಾಡಲಿಲ್ಲ. ನಮಗೆ ಬರೆದ ಪತ್ರದ ಅಂಚಿನಲ್ಲಿ ಮಾತ್ರ "ಬರುವ ಯುಗಾದಿಗೆ ಪಾಯ ತೆಗೆಸಬೇಕೆಂದಿರುವೆ" ಎಂದು ಸಣ್ಣ ಅಕ್ಷರಗಳಲ್ಲಿ ಸೇರಿಸಿರುವರು. ಅಣ್ಣನವರು ಇದನ್ನು ಇಲ್ಲಿ ಅಚ್ಚಿನಲ್ಲಿಯೇ ಓದಲೆಂದು ನಾವು ಬೇಕೆಂದೇ ಎತ್ತಿ ಬರೆದಿರುವೆವು. ತಂದೆಯ ನೆನಪಿನ ಭಾರವನ್ನು ಒಬ್ಬ ಮಗಳ ಮನೆಯ ಪಾಯದ ಮೇಲೆ ಇಳಿಸಕೂಡದು. ಹಣದಲ್ಲಿಯೂ ಅವರ ಪಾಲನ್ನು ಕೇಳಕೂಡದು. ಅವರಾಗಿಯೇ ಕೊಟ್ಟರೆ ಮಾತು ಬೇರೆ.

ನಾಲ್ಕನೆಯ ಸ್ಥಳವೊಂದು ಇದ್ದೇ ಇದೆ. ಮೋಟೆಬೆನ್ನೂರಿನ ಕಡೆಗೆ ಇವರಿಗೆ ಪಿತ್ರಾರ್ಜಿತ ಹೊಲವಿದೆಯೆಂದು ಪತ್ರದ ಮೊದಲಿನಲ್ಲಿಯೇ ಬಂದಿದೆ. ಆದರೆ ಯಾರಿಗೂ ಅದು ನೆನಪಾದಂತಿಲ್ಲ. ಎರೆ ನೆಲದಲ್ಲಿ ನಿಲ್ಲಿಸಿದರೆ ಮಳೆಗಾಲಕ್ಕೆ ಗಾಲಿಗಳು ಅಚ್ಚಿನ ವರೆಗೆ ಹೂತು, ಬೇಸಗೆಗೆ ನೆಲ ಬಿರಿದು ಒಂದು ಕಡೆಗೆ ವಾಲುವವು. ಬದುವಿನ ಹತ್ತಿರ ಗೊರಚು ನೆಲವಿದ್ದರೆ ಅಲ್ಲಿ ಮೊರಂ ಹಾಕಿ ಬಡಿಸಿ, ನಾಲ್ಕು ಕಲ್ಲಿನ ದಿಂಡುಗಳ ಮೇಲೆ ಅಚ್ಚುಗಳನ್ನು ಕೂಡಿಸಿ, ಮೇಲೆ ತಗಡಿನ ಚಪ್ಪರವೊಂದನ್ನು ನಿಲ್ಲಿಸಬೇಕು. ಖರ್ಚು ಲಾರಿಯ ಬೆಲೆಗೆ ಹೋಲಿಸಿದರೆ ಹೆಚ್ಚೇನೂ ಅಲ್ಲ.

ಮೋಟೆಬೆನ್ನೂರೆಂದೊಡನೆ ನಮಗೆ ಇನ್ನೊಂದು ವಿಚಾರ ಹೊಳೆಯಿತು. ಅದು ಮೈಲಾರ ಮಹಾದೇವಪ್ಪನವರ ಹುಟ್ಟೂರು. ಗಾಂಧೀಜಿಯವರ ದಾಂಡಿಯಾತ್ರೆಯಲ್ಲಿ ನಡೆದ ಆ ತರುಣರು ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಆ ಲಾರಿಯು ಕೆನಡಾದ ಕಾರಖಾನೆಯಿಂದ ಹೊರಬಿದ್ದದ್ದು ಹೆಚ್ಚುಕಡಮೆ ಅದೇ ವರ್ಷಗಳಲ್ಲಿ. ಅದರ ಮೊದಲ ಒಡೆಯರು ಮಹಾದೇವಪ್ಪನವರ ಮೇಲೆ ಗುಂಡು ಹಾರಿಸಿದ ಸರಕಾರದ ದಂಡಿನವರು. ಅದನ್ನು ಕಾರಖಾನೆಯಿಂದ ಬಂದ ದಿನದಂತೆ ಮಾಡಿ, ಸಾಮ್ರಾಜ್ಯದ ಪಡೆಯ ಗುರುತುಗಳನ್ನು ಬರೆದು ಆ ಊರ ಬಳಿ ನಿಲ್ಲಿಸುವದು ಯಾರ ನೆನಪನ್ನು ಮೆರೆಸಿದಂತೆ? ತಮ್ಮನವರು ಇದನ್ನು ಯೋಚಿಸಿರಲಾರರು. ಮೇಲಾಗಿ ಕಾನೂನಿನ ತೊಡಕೂ ಇದೆ: ರಕ್ಷಣಾ ಇಲಾಖೆಯ ಹೊರತು ಬೇರೆ ಯಾರ ವಾಹನಕ್ಕೂ ಸೈನ್ಯದ ಆ ಮಾಸಲು ಹಸಿರು ಬಣ್ಣವನ್ನು ಬಳಿಯಕೂಡದೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೧ನೆಯ ನಿಯಮವು ಹೇಳುವದು. ಅಂದರೆ ಲಕ್ಷಗಟ್ಟಲೆ ಹಣ ಸುರಿದು ಮೂಲರೂಪಕ್ಕೆ ತಂದ ಲಾರಿಗೆ ಅದರ ಮೂಲಬಣ್ಣವನ್ನೇ ಹಚ್ಚಲು ಬಾರದು.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಸಂಖ್ಯೆಗಳು ಹೊಂದದಿದ್ದರೆ ಲಾರಿಯನ್ನು ಬಿಟ್ಟುಬಿಡತಕ್ಕದ್ದು. ಇಂಥ ಲಾರಿಗಳನ್ನು ಪ್ರೀತಿಯಿಂದ ಮೂಲರೂಪಕ್ಕೆ ತರುವ ಸಂಗ್ರಾಹಕರು ದೇಶದಲ್ಲಿರುವರು, ಅಡ್ಡೆಯವರಿಗೆ ಅವರನ್ನು ಗೊತ್ತು ಮಾಡಿಕೊಟ್ಟರೆ ಗುಜರಿಯ ಪಾಲಾಗುವದು ತಪ್ಪೀತು. ಹೊಂದಿದರೆ, ಕಾಗದಗಳು ಕೈಗೆ ಬಂದ ಮೇಲೆ, ಅಣ್ಣತಮ್ಮಂದಿರಿಬ್ಬರ ಹಣದಿಂದ ಕೊಳ್ಳಬೇಕು. ಆದರೆ ಯುದ್ಧದ ಲಾರಿಯನ್ನಾಗಿ ತಿರುಗಿ ಕಟ್ಟಬಾರದು. ಡೀಸೆಲ್ ಎಂಜಿನ್ನು ಇದ್ದ ಹಾಗೆ ಇರಲಿ. ದಿಮ್ಮಿ ಎತ್ತುವ ಗಡಗಡಿಯೂ ಇರಲಿ. ಯಾವನೋ ಮಿಸ್ತ್ರಿಯು ಹಾಕಿದ ಬೆಸುಗೆಯ ಗಾಯಗಳೂ ಇರಲಿ. ಇವರ ತಂದೆಯವರು ಕೂತದ್ದು ಆ ಲಾರಿಯಲ್ಲಿ. ೧೯೪೩ರ ಲಾರಿಯಲ್ಲಿ ಕೂತವರು ಬೇರೆ. ತಮ್ಮನವರ ಕೈಗೆ ಕೆಲಸವಿಲ್ಲದಾಗುವದೆಂಬ ಅಂಜಿಕೆ ಬೇಡ. ತುಕ್ಕನ್ನು ತಡೆಯುವದು, ಕೊಳೆತ ತಗಡನ್ನು ಬದಲಿಸುವದು, ಎಂಜಿನ್ನು ವರ್ಷಕ್ಕೊಮ್ಮೆಯಾದರೂ ಹೊಲದಲ್ಲಿಯೇ ಚಾಲೂ ಆಗುವಂತೆ ಮಾಡುವದು ಎರಡು ಮೂರು ವರ್ಷಗಳ ಬಿಡುವಿನ ಕೆಲಸ. ಹೀಗೆ ಮಾಡಿದರೆ ವಿಂಟೇಜ್ ಅಕ್ಷರಗಳು ಸಿಗಲಾರವು, ರಸ್ತೆಗೆ ತರುವಂತೆಯೂ ಇಲ್ಲ. ಇರಲಿ. ತಂದೆಯವರು ಸಾಕಷ್ಟು ರಸ್ತೆಯನ್ನು ಅದರಲ್ಲಿ ಮುಗಿಸಿರುವರು.

ತರುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮಾಡಬೇಕು. ಅದನ್ನು ನಡೆಸಿಕೊಂಡಾಗಲಿ ಹಗ್ಗ ಕಟ್ಟಿ ಎಳೆದಾಗಲಿ ತರುವ ಸಾಹಸ ಬೇಡ. ತಗ್ಗು ಹಾಸಿನ ಟ್ರೇಲರಿನ ಮೇಲೆ ಕ್ರೇನಿನಿಂದ ಏರಿಸಿ ತರಬೇಕು. ಹಳೆಯ ಟಾಕಿಗೆ ಅಲ್ಲಿಯೇ ಬೆಸುಗೆ ಹಾಕಿಸಬಾರದು. ಖಾಲಿಯಾದ ಟಾಕಿಯ ಆವಿಯೇ ಸಿಡಿಯುವದು. ಬ್ರೇಕಿನ ಧೂಳನ್ನು ಬಾಯಿಯಿಂದ ಊದಬಾರದು, ಅದರಲ್ಲಿ ಆಸ್ಬೆಸ್ಟಾಸ್ ಇರುವದು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಲಿ. ಈ ಲಾರಿಗಳಲ್ಲಿ ಎರಡು ಹೋಳುಗಳನ್ನು ನಟ್ಟುಗಳಿಂದ ಬಿಗಿದು ಮಾಡಿದ ಗಾಲಿಗಳಿರುವದುಂಟು. ಗಾಡಿಯಿಂದ ಗಾಲಿಯನ್ನು ಬಿಚ್ಚುವ ನಟ್ಟುಗಳು ಬೇರೆ, ಗಾಲಿಯ ಹೋಳುಗಳನ್ನು ಕೂಡಿಸಿ ಹಿಡಿದ ನಟ್ಟುಗಳು ಬೇರೆ. ಟಾಯರಿನಲ್ಲಿ ಗಾಳಿಯಿರುವಾಗ ಎರಡನೆಯವನ್ನು ಸಡಿಲಿಸಿದರೆ ಗಾಲಿಯು ತೋಪಿನಂತೆ ಸಿಡಿದು ಎದುರಿಗಿದ್ದವನ ಜೀವ ತೆಗೆಯುವದು. ದಂಡಿನವರು ಆ ನಟ್ಟುಗಳಿಗೆ ಎಚ್ಚರಿಕೆಗಾಗಿ ಕೆಂಪು ಬಣ್ಣ ಬಳಿಯುತ್ತಿದ್ದರು. ಎಂಭತ್ತು ವರ್ಷಗಳ ಮೇಲೆ ಆ ಬಣ್ಣ ಉಳಿದಿರದು. ತಮ್ಮನವರು ಮೊದಲು ಗಾಳಿಯ ಕವಾಟದ ಒಳಸೂಜಿಯನ್ನು ತೆಗೆದು, ಗಾಳಿ ಪೂರ್ತಿ ಹೋದದ್ದನ್ನು ಕೈಯಿಂದ ಒತ್ತಿ ನೋಡಿ, ಆ ಮೇಲೆ ಪಾನಾ ಹಿಡಿಯಬೇಕು. ಗ್ಯಾರೇಜಿನ ಹುಡುಗರನ್ನು ಈ ಕೆಲಸಕ್ಕೆ ಬಿಡಕೂಡದು.